ನೀವು ಬರದ್ರಿ, ನಾವು ಉಣಿಸಿದ್ವಿ: ವೆಬ್ ಡಿಸೈನ್ ಕಲಿಯುವವರಿಗೆ ಒಂದು ಮಾತು

ಕಳೆದ ರಜೆಯಲ್ಲಿ ನಾವು ಮೂವರು ಗೆಳೆಯರು ಸೇರಿ ಜೋಯಿಡಾ ಕಡೆಯ ಒಂದು ಹೋಂಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ವಿ. ದುಡ್ಡು ತಗೊಳ್ಳಲಿಲ್ಲ. ನಮಗೆ ಬೇಕಾಗಿದ್ದು ಪೋರ್ಟ್‌ಫೋಲಿಯೋದಲ್ಲಿ ತೋರಿಸೋಕೆ ಒಬ್ಬ ನಿಜವಾದ ಕ್ಲೈಂಟ್. ಎಷ್ಟು ದಿನ ಅಂತ ಸಿನಿಮಾ ಆ್ಯಪ್‌ನ ನಕಲು, ಟು-ಡು ಲಿಸ್ಟ್, ಹವಾಮಾನದ ಆ್ಯಪ್ ಮಾಡ್ತಾ ಕೂರೋದು?

ಸೈಟ್ ತುಂಬಾ ಚೆನ್ನಾಗಿ ಬಂತು ಅಂದ್ಕೊಂಡಿದ್ವಿ. ತೆರೆದ ಕೂಡಲೇ ಪರದೆ ತುಂಬಾ ಕಾಳಿ ನದಿಯ ರಾಫ್ಟಿಂಗ್ ವಿಡಿಯೋ. ಅದರ ಮೇಲೆ ಒಂದೊಂದೇ ಅಕ್ಷರವಾಗಿ ಮೂಡುವ ಹೆಸರು. ಗಾಜಿನ ಹಾಗೆ ಕಾಣೋ ಕಾರ್ಡ್‌ಗಳು, ಡಾರ್ಕ್ ಮೋಡ್, ಟ್ರೆಂಡಿನಲ್ಲಿ ಇದ್ದದ್ದೆಲ್ಲಾ ಇತ್ತು. ಹಾಸ್ಟೆಲ್ ವೈಫೈನಲ್ಲಿ ಸರಾಗವಾಗಿ ಓಡ್ತು. ನಮ್ಮ ಲ್ಯಾಪ್‌ಟಾಪಿನಲ್ಲೇ ಹೋಂಸ್ಟೇ ಕಾಕಾಗೆ ತೋರಿಸಿದ್ವಿ. "ಚಂದ ಐತಿ" ಅಂದ್ರು. ನಾವು ಖುಷಿಯಿಂದ ವಾಪಸ್ ಬಂದ್ವಿ.

ಒಂದು ತಿಂಗಳಾದ ಮೇಲೆ ಕಾಕಾ ಫೋನ್ ಮಾಡಿದ್ರು. ಹೊರಗಿನಿಂದ ಆರು ಜನ ಬಂದು ಎರಡು ದಿನ ಉಳಿದಿದ್ದರು. ಹೊರಡುವಾಗ ಊಟದ ದುಡ್ಡು ಕೇಳಿದರೆ, "ಮೂರು ಹೊತ್ತಿನ ಊಟ ಸೇರಿದೆ ಅಂತ ನಿಮ್ಮ ಸೈಟಲ್ಲೇ ಇದೆಯಲ್ಲ" ಅಂತ ಮೊಬೈಲ್ ತೋರಿಸಿದರಂತೆ. ನಿಜವಾಗಿಯೂ ಇತ್ತು. ನಾವು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಟೆಂಪ್ಲೇಟಿನಲ್ಲಿ ಆ ಸಾಲು ಇಂಗ್ಲಿಷಿನಲ್ಲಿ ಮೊದಲೇ ಇತ್ತು, ನಾವು ಅಳಿಸಿರಲಿಲ್ಲ. ಆರು ಜನ, ಮೂರು ಹೊತ್ತು, ಎರಡು ದಿನ: ಒಟ್ಟು 36 ಊಟ. ಕಾಕು ಬೆಳಗ್ಗೆ ಐದಕ್ಕೆ ಎದ್ದು ಮಾಡಿದ ಅಡುಗೆ.

ಕಾಕಾ ಏಳನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಬೇಕಾದರೆ ಮರಾಠಿ. ಇಂಗ್ಲಿಷ್ ಮಾತ್ರ ಓದೋಕೆ ಬರಲ್ಲ. ತಮ್ಮದೇ ಹೆಸರಿನ ಸೈಟಿನಲ್ಲಿ ತಮ್ಮ ಪರವಾಗಿ ಏನು ಮಾತು ಕೊಡಲಾಗಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ನಾವು ಓಡಿಹೋಗಿ ಕ್ಷಮೆ ಕೇಳಿದ್ವಿ, ಮೂವರೂ ಸೇರಿ ದುಡ್ಡು ಕೊಡೋಕೆ ಹೋದ್ವಿ. ಅವರು ತಗೊಳ್ಳಲಿಲ್ಲ. "ನೀವು ಬರದ್ರಿ, ನಾವು ಉಣಿಸಿದ್ವಿ. ಹೋಗ್ಲಿ ಬಿಡ್ರಪ್ಪಾ. ಆದ್ರ ಇನ್ನೊಮ್ಮೆ ಬರಿಯೋಮುಂದ ನನಗ ಓದಾಕ ಬರುವಂಗ ಬರೀರಿ" ಅಂದ್ರು.

ಈ ಲೇಖನದಲ್ಲಿ ನಾವು ಹೇಳಬೇಕಾಗಿರೋದು ಕೂಡ ಅಷ್ಟೇ. ಸೈಟ್ ಯಾರದ್ದೋ ಅವರಿಗೆ ಅದು ಓದೋಕೆ ಬರಬೇಕು, ಅವರ ಮನೆಯಲ್ಲಿ ಕೂತಾಗ ತೆರೆಯಬೇಕು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಸೈಟ್ ಮಾಡೋದಾದರೆ ಕನ್ನಡ ಪುಟವೇ ಮೊದಲು ಆಗಬೇಕು, ಟ್ರೆಂಡ್ ಆಮೇಲೆ.

ಉಪದೇಶ ಅಂದ್ಕೋಬೇಡಿ. ನಾವು ಮೂವರೂ ಇಂಗ್ಲಿಷ್ ಮೀಡಿಯಂನವರು. ಕನ್ನಡದಲ್ಲಿ ಒಂದು ಪ್ಯಾರಾ ಟೈಪ್ ಮಾಡೋಕೆ ಕಾಲು ಗಂಟೆ ಬೇಕು. ಕನ್ನಡ ಬಳಗಕ್ಕೆ ಸೇರಿದ್ದೇ ರಾಜ್ಯೋತ್ಸವದ ಕಾರ್ಯಕ್ರಮದ ಆಸೆಗೆ. ಆದರೆ ಆ ಸೈಟನ್ನು ಕನ್ನಡದಲ್ಲಿ ಮತ್ತೆ ಕಟ್ಟುವಾಗ ಡಿಸೈನ್ ಬಗ್ಗೆ ಕಲಿತಷ್ಟು ಯಾವ ಆನ್‌ಲೈನ್ ಕೋರ್ಸಿನಲ್ಲೂ ಕಲಿತಿರಲಿಲ್ಲ.

ಮೂರು ಅಕ್ಷರ, ಏಳು ತುಂಡು

ಮೊದಲು ಕೈಕೊಟ್ಟಿದ್ದು ನಮ್ಮ ಅಚ್ಚುಮೆಚ್ಚಿನ ಅನಿಮೇಷನ್. ಹೆಸರನ್ನು ಒಂದೊಂದೇ ಅಕ್ಷರವಾಗಿ ಮೂಡಿಸೋಕೆ ಜಾವಾಸ್ಕ್ರಿಪ್ಟ್‌ನಲ್ಲಿ ಪದವನ್ನು ತುಂಡು ಮಾಡ್ತೀವಲ್ಲ, ಇಂಗ್ಲಿಷಿನಲ್ಲಿ ಅದು ಚೆನ್ನಾಗೇ ಕೆಲಸ ಮಾಡುತ್ತೆ. 'ದಾಂಡೇಲಿ' ಅಂತ ಹಾಕಿದ್ವಿ ನೋಡಿ, ಪರದೆ ಮೇಲೆ ಚುಕ್ಕಿಚುಕ್ಕಿ ವೃತ್ತಗಳು ಕುಣಿಯೋಕೆ ಶುರುವಾದವು. ಕಾರಣ ಸರಳ. ನಮ್ಮ ಕಣ್ಣಿಗೆ ದಾಂಡೇಲಿ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಕೋಡ್‌ಪಾಯಿಂಟ್: ದ, ದೀರ್ಘ, ಸೊನ್ನೆ, ಡ, ಏತ್ವ, ಲ, ಗುಡಿಸು. 'ಸ್ತ್ರೀ' ಒಂದೇ ಅಕ್ಷರ, ಒಳಗೆ ಆರು ತುಂಡು. ಕೋಡ್ ಆ ತುಂಡುಗಳನ್ನು ಬಿಡಿಸಿ ಒಂದೊಂದನ್ನೇ ಮೂಡಿಸುತ್ತೆ.

ಪರಿಹಾರ: ಅಕ್ಷರ ಬಿಟ್ಟು ಇಡೀ ಪದವನ್ನೇ ಮೂಡಿಸಿ. ನೋಡೋಕೂ ಹಿತ, ಓದೋಕೂ ಹಿತ. ಇದೇ ಕಾರಣಕ್ಕೆ ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವ ಸೆಟ್ಟಿಂಗನ್ನು ಕನ್ನಡಕ್ಕೆ ಹಾಕಬೇಡಿ. ಎಲ್ಲವನ್ನೂ ಕ್ಯಾಪಿಟಲ್ ಮಾಡಿ ದೂರದೂರ ಇಡೋ ಶೀರ್ಷಿಕೆ ಈಗ ಫ್ಯಾಷನ್. ಕನ್ನಡದಲ್ಲಿ ಕ್ಯಾಪಿಟಲ್ಲೇ ಇಲ್ಲ, ಇಟಾಲಿಕ್ಸಿನ ರೂಢಿಯೂ ಇಲ್ಲ. ಒತ್ತು ಕೊಡಬೇಕಾದರೆ ದಪ್ಪ, ಗಾತ್ರ, ಬಣ್ಣ ಇವೆಯಲ್ಲ.

ಒತ್ತಕ್ಷರಕ್ಕೆ ಜಾಗ ಕೊಡಿ

ಎರಡನೆಯದು ಎತ್ತರ. ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ಶೀರ್ಷಿಕೆಯ ಲೈನ್-ಹೈಟ್ 1.1 ಅಥವಾ 1.2 ಇರುತ್ತೆ. ಅಲ್ಲಿ 'ರಾಷ್ಟ್ರೀಯ' ಅಂತ ಬರೆದರೆ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತೆ, ಇಲ್ಲವೇ ಕಾರ್ಡಿನ ಅಂಚಿನಲ್ಲಿ ಕತ್ತರಿಸಿ ಹೋಗುತ್ತೆ. ಶೀರ್ಷಿಕೆಗೆ 1.5, ಪ್ಯಾರಾಗೆ 1.7 ಇಟ್ಟಾಗ ನಮಗೆ ಸರಿಬಂತು. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ಕ್ಯಾಂಪ್ ಇದೆ, ಅವರ ಲಿಪಿಯಲ್ಲೂ ಅಕ್ಷರದ ಕೆಳಗೆ ಅಕ್ಷರ ಜೋಡಿಸ್ತಾರೆ. ಅಲ್ಲಿನವರಿಗೆ ಪುಟ ಮಾಡಿದರೂ ಇದೇ ಸಮಸ್ಯೆ ಎದುರಾಗುತ್ತೆ. ಅಂದರೆ ಇದು ಕನ್ನಡದ ಕೊರತೆ ಅಲ್ಲ, ಇಂಗ್ಲಿಷನ್ನಷ್ಟೇ ಮನಸ್ಸಲ್ಲಿಟ್ಟು ಕಟ್ಟಿದ ಟೆಂಪ್ಲೇಟಿನ ಕೊರತೆ.

ಮೂರನೆಯದು ಫಾಂಟ್. ನಾವು ಎಲ್ಲಾ ಪ್ರಾಜೆಕ್ಟಿಗೂ ಹಾಕೋ ಪಾಪಿನ್ಸ್‌ನಲ್ಲಿ ಇಂಗ್ಲಿಷ್ ಇದೆ, ದೇವನಾಗರಿ ಇದೆ, ಕನ್ನಡ ಇಲ್ಲ. ಆಗ ಬ್ರೌಸರ್ ತನಗೆ ಸಿಕ್ಕ ಕನ್ನಡ ಫಾಂಟನ್ನು ಹಾಕಿಕೊಳ್ಳುತ್ತೆ, ಒಂದೊಂದು ಫೋನಿನಲ್ಲಿ ಒಂದೊಂದು ಥರ ಕಾಣುತ್ತೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಒಳ್ಳೊಳ್ಳೆ ಕನ್ನಡ ಫಾಂಟುಗಳಿವೆ. ಪ್ಯಾರಾಗಳಿಗೆ ನೋಟೋ ಸಾನ್ಸ್ ಕನ್ನಡ, ಪುಸ್ತಕದ ಮುದ್ರಣದಂಥ ನೋಟಕ್ಕೆ ತಿರೋ ಕನ್ನಡ, ದುಂಡಗಿನ ಶೀರ್ಷಿಕೆಗೆ ಬಾಲೂ ತಮ್ಮ. ನಮಗೆ ತುಂಬಾ ಇಷ್ಟವಾಗಿದ್ದು ಏಕ್ ಟೈಪ್‌ನವರ ಅನೇಕ್ ಕನ್ನಡ. ಅದು ವೇರಿಯಬಲ್ ಫಾಂಟ್, ದಪ್ಪದ ಜೊತೆ ಅಗಲವನ್ನೂ ಬದಲಿಸಬಹುದು. 'ಚೆನ್ನಬಸವೇಶ್ವರ' ಅನ್ನೋ ಪದ ಮೊಬೈಲಿನ ಬಟನ್‌ನಲ್ಲಿ ಹಿಡಿಸದಿದ್ದರೆ ಗಾತ್ರ ಇಳಿಸದೇ ಅಗಲ ಮಾತ್ರ ತಗ್ಗಿಸಿದರೆ ಆಯ್ತು. ಟ್ರೆಂಡ್ ಅಂದರೆ ಇಂಥದ್ದು ಬೇಕು ನಮಗೆ.

ಇನ್ನೆರಡು ಚಿಕ್ಕ ಮಾತು. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಹಳೇ ನುಡಿ ಫೈಲಿನಿಂದ ಪಠ್ಯ ತಗೊಂಡರೆ ಮೊದಲು ಯೂನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ಪುಟದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಗೂಗಲ್‌ಗೂ ಸಿಗಲ್ಲ.

38 ಎಂಬಿ ಅಂದರೆ ಐದು ನಿಮಿಷ

ಅಕ್ಷರ ಸರಿಹೋಯ್ತು. ಆದರೆ ಕಾಕಾ ಮನೆಯಲ್ಲಿ ಸೈಟ್ ತೆರೆಯಲೇ ಇಲ್ಲ. ನಮ್ಮ ವಿಡಿಯೋ 38 ಎಂಬಿ ಇತ್ತು. ಲೆಕ್ಕ ಹಾಕಿ: ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ 304 ಮೆಗಾಬಿಟ್. ಸೆಕೆಂಡಿಗೆ ಒಂದು ಮೆಗಾಬಿಟ್ ಬರೋ ಕಡೆ 304 ಸೆಕೆಂಡ್, ಐದು ನಿಮಿಷದ ಮೇಲೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್‌ನ ಅಳತೆ. ಕಾಡಿನ ನಡುವಿನ ಊರುಗಳಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹುಡುಕೋ ಜನ ಐದು ನಿಮಿಷ ಬಿಳಿ ಪರದೆ ನೋಡ್ತಾ ನಿಲ್ಲಲ್ಲ.

ಕನ್ನಡ ಹಾಕಿದರೆ ಸೈಟ್ ಭಾರ ಆಗುತ್ತೆ ಅಂತ ಕೆಲವರು ಹೇಳ್ತಾರೆ. ಯುಟಿಎಫ್-8ರಲ್ಲಿ ಕನ್ನಡದ ಒಂದು ಕೋಡ್‌ಪಾಯಿಂಟ್‌ಗೆ ಮೂರು ಬೈಟ್, ಇಂಗ್ಲಿಷ್ ಅಕ್ಷರಕ್ಕೆ ಒಂದು. ನಿಜ. ಆದರೆ ಹತ್ತು ಸಾವಿರ ಕೋಡ್‌ಪಾಯಿಂಟ್ ಬರೆದರೂ ಆಗೋದು 30 ಕೆಬಿ. ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ ಅದರ ನೂರು ಪಟ್ಟು ಇರುತ್ತೆ.

ನಾವು ಮಾಡಿದ್ದು ಇಷ್ಟು. ವಿಡಿಯೋ ತೆಗೆದು ಒಂದೇ ಒಂದು ಒಳ್ಳೆ ಫೋಟೋ ಇಟ್ವಿ, ವೆಬ್‌ಪಿ ರೂಪದಲ್ಲಿ. ಕೆಳಗಿನ ಚಿತ್ರಗಳು ಸ್ಕ್ರೋಲ್ ಮಾಡಿದಾಗ ಮಾತ್ರ ಇಳಿಯೋ ಹಾಗೆ ಮಾಡಿದ್ವಿ. ಫಾಂಟ್ ಇಳಿಯೋ ತನಕ ಫೋನಿನದೇ ಕನ್ನಡ ಫಾಂಟ್ ಕಾಣಲಿ ಅಂತ ಫಾಂಟ್-ಡಿಸ್‌ಪ್ಲೇ ಸ್ವ್ಯಾಪ್ ಹಾಕಿದ್ವಿ. ದಾರಿ ಹೇಳೋಕೆ ಮ್ಯಾಪ್ ಮಾತ್ರ ಸಾಲದು, ಗಣೇಶಗುಡಿ ದಾಟಿದ ಮೇಲೆ ಎಲ್ಲಿ ತಿರುಗಬೇಕು ಅಂತ ಮಾತಿನಲ್ಲೇ ಬರೆದ್ವಿ. ಫೋನ್ ನಂಬರ್ ಒತ್ತಿದರೆ ನೇರ ಕರೆ ಹೋಗಬೇಕು. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ಪರೀಕ್ಷಿಸಿ, ಲೈಟ್‌ಹೌಸ್ ಓಡಿಸಿ. ಎರಡೂ ಉಚಿತ. ಬಣ್ಣದ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಲಿ ಅನ್ನುತ್ತೆ ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ. ನಮ್ಮ ಗಾಜಿನ ಕಾರ್ಡುಗಳು ಅಲ್ಲೇ ಫೇಲ್ ಆದವು. ಬಿಸಿಲಲ್ಲಿ ನಿಂತು ಓದೋರಿಗೆ ಬೂದು ಬಣ್ಣದ ಮೇಲೆ ಬಿಳಿ ಅಕ್ಷರ ಕಾಣಲ್ಲ.

'ಆದರೆ ಪ್ಲೇಸ್‌ಮೆಂಟ್‌ಗೆ ಇಂಗ್ಲಿಷೇ ಬೇಕಲ್ಲ?'

ಬೇಕು. ದಾಂಡೇಲಿಗೆ ಬರೋ ಪ್ರವಾಸಿಗರಲ್ಲಿ ಗೋವಾದವರು, ಮಹಾರಾಷ್ಟ್ರದವರು ತುಂಬಾ ಜನ. ಅವರಿಗೆ ಇಂಗ್ಲಿಷ್ ಪುಟ ಇರಲಿ, ಯಾರೂ ಬೇಡ ಅನ್ನಲ್ಲ. ಹಳಿಯಾಳ, ಜೋಯಿಡಾದಲ್ಲಿ ಎಷ್ಟೋ ಮನೆಗಳ ಮಾತು ಮರಾಠಿ, ಕೊಂಕಣಿ. ಅದನ್ನೂ ಮರೆಯಬಾರದು. ಆದರೆ ಮಾಲೀಕರು ಓದಿ ಒಪ್ಪಿದ ಪುಟ ಒಂದು ಇರಲೇಬೇಕು, ಬೇರೆ ಭಾಷೆಯ ಪುಟಗಳೆಲ್ಲ ಅದರಿಂದ ಹುಟ್ಟಬೇಕು. ನಾವು ಉಲ್ಟಾ ಮಾಡಿದ್ವಿ, ಅದಕ್ಕೇ 36 ಊಟ ಹೋಯ್ತು.

ಈಗ ಎಐ ಒಂದು ನಿಮಿಷದಲ್ಲಿ ಇಡೀ ಸೈಟ್ ಕಟ್ಟಿಕೊಡುತ್ತೆ. ಅದರಲ್ಲೂ ಯಾರೂ ಹೇಳದ ಸಾಲುಗಳು ತಾವಾಗೇ ಬಂದು ಕೂರುತ್ತವೆ. 'ಊಟ ಸೇರಿದೆ' ಅಂತ ಅದೂ ಬರೆಯಬಹುದು. ಉಣಿಸೋದು ಮಾತ್ರ ಕಾಕು.

ಇಂಟರ್‌ವ್ಯೂ ವಿಷಯಕ್ಕೆ ಬಂದರೆ, ಎಲ್ಲರೂ ತೋರಿಸೋ ಆ ಸಿನಿಮಾ ಆ್ಯಪ್‌ನ ನಕಲಿಗಿಂತ 'ಮೂರು ಅಕ್ಷರ ಯಾಕೆ ಏಳು ತುಂಡಾಯ್ತು, ಐದು ನಿಮಿಷವನ್ನು ಹೇಗೆ ಇಳಿಸಿದ್ವಿ' ಅನ್ನೋದು ಹೇಳೋಕೆ ಒಳ್ಳೆ ಕಥೆ ಅಂತ ನಮಗನ್ನಿಸುತ್ತೆ.

ನಮ್ಮದೊಂದು ಬೇಡಿಕೆ

ಜೂನಿಯರ್ಸ್, ನಿಮ್ಮ ಮುಂದಿನ ವೆಬ್ ಪ್ರಾಜೆಕ್ಟಿನಲ್ಲಿ ಕನಿಷ್ಠ ಒಂದು ಪುಟ ಕನ್ನಡದಲ್ಲಿ ಮಾಡಿ. ಲೋರೆಮ್ ಇಪ್ಸಮ್ ಬಿಡಿ. ಅದು ಸಿಸೆರೋನ ಲ್ಯಾಟಿನ್ ಬರಹವನ್ನು ಕಲಸಿ ಮಾಡಿದ್ದು, ನಮ್ಮ ಒತ್ತಕ್ಷರದ ಕಷ್ಟ ಅದಕ್ಕೇನು ಗೊತ್ತು? ಅದರ ಬದಲು ನಮ್ಮ ನಾಲ್ಕು ತಾಲೂಕಿನ ಹೆಸರು, 'ಉಳವಿ ಚೆನ್ನಬಸವೇಶ್ವರ', 'ಕಾಳಿ ಹುಲಿ ಸಂರಕ್ಷಿತ ಪ್ರದೇಶ', 'ರಾಷ್ಟ್ರೀಯ ಹೆದ್ದಾರಿ' ಇವನ್ನು ಹಾಕಿ ನೋಡಿ. ಇವು ಚೆನ್ನಾಗಿ ಕೂತರೆ ಬೇರೆ ಏನೇ ಹಾಕಿದರೂ ಕೂರುತ್ತೆ. ಟೈಪಿಂಗ್ ಬರಲ್ಲ ಅನ್ನೋರು ಬಳಗಕ್ಕೆ ಬನ್ನಿ. ನಮಗೂ ಅಷ್ಟಾಗಿ ಬರಲ್ಲ, ಜೊತೆಗೇ ಕಲಿಯೋಣ.

ಹೊಸ ಸೈಟ್ ತಗೊಂಡು ಈ ಸಲ ಲ್ಯಾಪ್‌ಟಾಪ್ ಇಲ್ಲದೇ ಹೋದ್ವಿ. ಕಾಕಾ ತಮ್ಮದೇ ಫೋನಿನಲ್ಲಿ, ತಮ್ಮ ಜಗಲಿಯಲ್ಲಿ ಕೂತು ತೆರೆದ್ರು. ಸ್ವಲ್ಪ ತಡವಾಯ್ತು, ಆದರೆ ತೆರೀತು. ಬಾಯಿಬಿಟ್ಟು ಒಂದೊಂದೇ ಸಾಲು ಓದಿದ್ರು. ಓದ್ತಾ ಓದ್ತಾ ಎರಡು ತಪ್ಪು ಹಿಡಿದ್ರು. ಊರಿನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟಿದ್ವಿ, ಮೀನಿನ ಊಟದ ರೇಟ್ ಹಳೇದು ಹಾಕಿದ್ವಿ. ಒಳಗಿಂದ ಕಾಕು ಬಂದು ಮೂರನೆಯದು ಹೇಳಿದ್ರು: "ಚಾ ಪುಕ್ಕಟೆ ಅಂತ ಹಾಕ್ರಿ, ಅದನ್ನ ನಾವ ಕೊಡ್ತೀವಿ."

ಅಲ್ಲೇ ಕೂತು ತಿದ್ದಿದ್ವಿ.