ನಿರುದ್ಯೋಗ ಭತ್ಯೆ ಬೇರೆ ರಾಜ್ಯದ್ದಾದರೆ ತೆರಿಗೆ ಇಲ್ಲವೇ?

ಅಮೆರಿಕದಲ್ಲಿ ಕೆಲಸ ಕಳೆದುಕೊಂಡವರ ನಡುವೆ ಒಂದು ಮಾತು ಓಡಾಡುತ್ತದೆ: "ಭತ್ಯೆ ಕೊಟ್ಟಿದ್ದು ನೀವು ವಾಸಿಸದ ರಾಜ್ಯವಾದರೆ ರಾಜ್ಯ ತೆರಿಗೆ ಕಟ್ಟಬೇಕಿಲ್ಲ." ಅಲ್ಲಿರುವ ಮಗನಿಗೋ ಮಗಳಿಗೋ ಇದನ್ನು ಫಾರ್ವರ್ಡ್ ಮಾಡುವ ಮೊದಲು ಸ್ವಲ್ಪ ನೋಡೋಣ.

ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರದ್ದು. ಬೆಂಗಳೂರಿನಲ್ಲಿದ್ದರೂ ಪುಣೆಯಲ್ಲಿದ್ದರೂ ಲೆಕ್ಕ ಒಂದೇ. ಅಮೆರಿಕದಲ್ಲಿ ಕೇಂದ್ರದ ತೆರಿಗೆಯ ಜೊತೆಗೆ ಹೆಚ್ಚಿನ ರಾಜ್ಯಗಳದ್ದೂ ಇದೆ. ಕೇಂದ್ರವಂತೂ 1987ರಿಂದ ಈ ಭತ್ಯೆಯನ್ನು ಪೂರ್ತಿ ಆದಾಯವೆಂದೇ ಎಣಿಸುತ್ತದೆ. ಕೊರೊನಾ ಕಾಲದಲ್ಲಿ 10,200 ಡಾಲರ್‌ವರೆಗೆ ಸಿಕ್ಕ ವಿನಾಯಿತಿ 2020ರ ಆದಾಯಕ್ಕೆ ಮಾತ್ರ. ಹಳೆಯ ಮೆಸೇಜ್ ಬಂದರೆ ಮೊದಲು ವರ್ಷ ನೋಡಿ.

ರಾಜ್ಯಗಳದ್ದೇ ತೊಡಕು. ಭತ್ಯೆ ಕೊಡುವುದು ಸಾಮಾನ್ಯವಾಗಿ ನೀವು ದುಡಿದ ರಾಜ್ಯ, ವಾಸಿಸುವ ರಾಜ್ಯವಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆ, ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್‌ನಲ್ಲಿ ಕೆಲಸ ಎಂದುಕೊಳ್ಳಿ. ಕೆಲಸ ಹೋದರೆ ಭತ್ಯೆ ನ್ಯೂಯಾರ್ಕ್‌ನಿಂದ ಬರುತ್ತದೆ. ಅಲ್ಲಿ ವಾಸವಿಲ್ಲದಿದ್ದರೂ, ಅಲ್ಲಿನ ದುಡಿಮೆಯಿಂದ ಬಂದ ಹಣವೆಂದು ನ್ಯೂಯಾರ್ಕ್ ತೆರಿಗೆ ಕೇಳುತ್ತದೆ. ಹೊರಗಿನವರ ಐಟಿ-203 ರಿಟರ್ನ್ ಹಾಕಬೇಕು. ನ್ಯೂಜೆರ್ಸಿ ನಿರುದ್ಯೋಗ ಭತ್ಯೆಗೆ ತೆರಿಗೆಯನ್ನೇ ಹಾಕುವುದಿಲ್ಲ. ಒಳ್ಳೆಯದೇ, ಆದರೆ ಅಲ್ಲಿ ತೆರಿಗೆ ಇಲ್ಲದ ಹಣಕ್ಕೆ ನ್ಯೂಯಾರ್ಕ್‌ನಲ್ಲಿ ಕಟ್ಟಿದ್ದನ್ನು ವಜಾ ಮಾಡಿಕೊಳ್ಳಲೂ ಆಗದು.

ತಿರುಗಿಸಿ ನೋಡಿ: ಮನೆ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ, ಕೆಲಸ ನ್ಯೂಜೆರ್ಸಿಯಲ್ಲಿ. ನ್ಯೂಜೆರ್ಸಿ ಏನೂ ಕೇಳದು. ಆದರೆ ನ್ಯೂಯಾರ್ಕ್ ತನ್ನ ನಿವಾಸಿಯ ಆದಾಯ ಎಲ್ಲಿಂದ ಬಂದರೂ ಲೆಕ್ಕಕ್ಕೆ ಹಿಡಿಯುತ್ತದೆ. ಎರಡೂ ಸಲ ವಸೂಲಿ ನ್ಯೂಯಾರ್ಕ್‌ನದ್ದೇ!

ಹಾಗಾದರೆ ಆ ಮಾತು ಪೂರ್ತಿ ಸುಳ್ಳೇ? ಅಲ್ಲ. ಟೆಕ್ಸಾಸ್, ಫ್ಲೋರಿಡಾದಂಥ ಕಡೆ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಕ್ಯಾಲಿಫೋರ್ನಿಯಾ, ಪೆನ್ಸಿಲ್ವೇನಿಯಾ ಈ ಭತ್ಯೆಯನ್ನು ಬಿಟ್ಟುಬಿಡುತ್ತವೆ. ಅಲ್ಲಿನ ನಿವಾಸಿಗಳಿಗೆ ಮನೆಯ ರಾಜ್ಯದಿಂದ ತೊಂದರೆ ಇಲ್ಲ, ಕೊಟ್ಟ ರಾಜ್ಯದ ನಿಯಮ ಮಾತ್ರ ನೋಡಬೇಕು. ಎರಡೂ ರಾಜ್ಯ ತೆರಿಗೆ ಹಾಕಿದರೆ, ಒಂದು ಕಡೆ ಕಟ್ಟಿದ್ದಕ್ಕೆ ವಾಸದ ರಾಜ್ಯ ಸಾಮಾನ್ಯವಾಗಿ ವಜಾ ಕೊಡುತ್ತದೆ. ಅದು ತಾನಾಗಿ ಸಿಗದು, ಎರಡೂ ಕಡೆ ರಿಟರ್ನ್ ಹಾಕಿ ಕೇಳಿಕೊಳ್ಳಬೇಕು.

ಭತ್ಯೆ ಕೊಟ್ಟ ರಾಜ್ಯ ಜನವರಿ ಕೊನೆಯೊಳಗೆ 1099-ಜಿ ಎಂಬ ಫಾರ್ಮ್ ಕೊಡಬೇಕು. ಅದರ ಪ್ರತಿ ತೆರಿಗೆ ಇಲಾಖೆಗೂ ಹೋಗುವುದರಿಂದ ಮುಚ್ಚಿಡುವ ಮಾತಿಲ್ಲ. ಪಡೆಯದ ಹಣ ಅದರಲ್ಲಿ ಕಂಡರೆ ನಿಮ್ಮ ಹೆಸರಿನಲ್ಲಿ ಯಾರೋ ವಂಚಿಸಿರಬಹುದು. ಆ ರಾಜ್ಯದ ಕಚೇರಿಗೆ ದೂರು ಕೊಟ್ಟು ತಿದ್ದಿದ ಫಾರ್ಮ್ ಪಡೆಯಿರಿ.

ನಿಜವಾದ ಪೆಟ್ಟು ಬೀಳುವುದು ಏಪ್ರಿಲ್‌ನಲ್ಲಿ. ಭತ್ಯೆಯಿಂದ ಕೇಂದ್ರದ ತೆರಿಗೆ ತಾನಾಗಿ ಕಡಿತವಾಗುವುದಿಲ್ಲ. ನೀವು ಕೇಳಿಕೊಂಡರೆ ಮಾತ್ರ ಶೇ. 10 ಹಿಡಿಯುತ್ತಾರೆ. ರಾಜ್ಯದ ಕಡಿತ ಇದ್ದರೂ ಅದು ಸಾಮಾನ್ಯವಾಗಿ ಹೋಗುವುದು ಭತ್ಯೆ ಕೊಟ್ಟ ರಾಜ್ಯಕ್ಕೆ, ನೀವಿರುವ ರಾಜ್ಯಕ್ಕಲ್ಲ. ಕೆಲಸವಿಲ್ಲದ ತಿಂಗಳುಗಳಲ್ಲಿ ಬಂದಷ್ಟೂ ಖರ್ಚಾಗಿರುತ್ತದೆ. ಅರ್ಜಿ ಹಾಕುವಾಗಲೇ ಕಡಿತ ಕೇಳಿಕೊಳ್ಳುವುದು, ಇಲ್ಲವೇ ಪ್ರತಿ ವಾರ ಒಂದಿಷ್ಟು ಎತ್ತಿಡುವುದು ವಾಸಿ ಎನ್ನುತ್ತೇವೆ.