ಸಿವಿಲ್ ಇಂಜಿನಿಯರಿಂಗಿನ ಉನ್ನತ ವ್ಯಾಸಂಗ: ಒಂದು ವಿಚಾರ

ಹಳಗನ್ನಡ ವ್ಯಾಕರಣವನ್ನು ಬೋಧಿಸುತ್ತ ಬಂದ ಪಂಡಿತನೊಬ್ಬನು ಇಂಜಿನಿಯರಿಂಗ್ ವಿದ್ಯೆಯನ್ನು ಕುರಿತು ಬರೆಯಹೊರಟರೆ ವಾಚಕರಿಗೆ ಅಚ್ಚರಿಯಾಗಬಹುದು. ಆ ಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಆದರೆ ಆ ವಿದ್ಯೆಯನ್ನರಸಿ ಹೋದ ಮಕ್ಕಳು ನಮ್ಮ ಶಾಲೆಯಲ್ಲಿ ಅಕ್ಷರ ಕಲಿತವರು. ಅವರಲ್ಲೊಬ್ಬನಿಗೆ ತಪ್ಪು ಸಲಹೆ ಕೊಟ್ಟ ಹೊಣೆ ನನ್ನ ಮೇಲಿರುವುದರಿಂದ ಈ ನಾಲ್ಕು ಮಾತು.

ಕೆಲವು ವರ್ಷಗಳ ಹಿಂದೆ ಬಿ.ಇ. ಮುಗಿಸಿದ ಹಳೆಯ ವಿದ್ಯಾರ್ಥಿಯೊಬ್ಬನು ಅರಕೇರಾಕ್ಕೆ ಬಂದು, "ಸರ್, ಇನ್ನೆರಡು ವರ್ಷ ಎಂ.ಟೆಕ್. ಓದಬೇಕಂತ ಮಾಡೀನ್ರಿ. ಮನ್ಯಾಗ ಬ್ಯಾಡ ಅಂತಾರ್ರಿ" ಎಂದನು. ತಂದೆಯ ಸಾಲವನ್ನು ಬಲ್ಲ ನಾನು, "ಓದಿದ್ದು ಸಾಕಪ್ಪ, ಮನಿ ಕಡೆ ನೋಡು" ಎಂದು ಹೇಳಿ ಕಳುಹಿಸಿದೆ. ಅವನು ಗುತ್ತಿಗೆದಾರರೊಬ್ಬರ ಬಳಿ ಕೆಲಸಕ್ಕೆ ಸೇರಿದನು. ಕಳೆದ ಬೇಸಗೆಯಲ್ಲಿ ನನ್ನ ಮನೆಯ ಗೋಡೆಯ ಬಿರುಕನ್ನು ನೋಡುತ್ತ ಅವನು ಹೇಳಿದ ಮಾತು ಇದು: "ಬಿರುಕು ಮುಚ್ಚೋದು ಗೊತ್ತೈತ್ರಿ ಸರ್. ಯಾಕ ಬೀಳತಾವು ಅನ್ನೋದು ಪೂರಾ ಕಲೀಲಿಲ್ರಿ." ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ, ಆದುದರಿಂದಲೇ ಅದು ನನ್ನನ್ನು ಹೆಚ್ಚು ನೋಯಿಸಿತು.

ಯಾವುದೇ ವಿದ್ಯೆಗೆ ಎರಡು ಮೆಟ್ಟಿಲುಗಳುಂಟು. ಸೂತ್ರವನ್ನು ಕಲಿತು ಪ್ರಯೋಗಿಸುವುದು ಮೊದಲನೆಯದು. ಅದು ಎಲ್ಲಿ ನಡೆಯದು, ಏಕೆ ನಡೆಯದು ಎಂದು ವಿಚಾರಿಸುವುದು ಎರಡನೆಯದು. ಸ್ವರಕ್ಕೆ ಸ್ವರ ಪರವಾದರೆ ಸಂಧಿಯೆಂದು ಕಲಿತ ಬಾಲಕನು "ಅಣ್ಣಾ ಓಡಿ ಬಾ" ಎಂಬಲ್ಲಿ ಸಂಧಿಯನ್ನು ಕಾಣದೆ ತಬ್ಬಿಬ್ಬಾಗುತ್ತಾನೆ. ಪ್ರಕೃತಿಭಾವವನ್ನು ತಿಳಿದಾಗಲೇ ಅವನ ವ್ಯಾಕರಣಜ್ಞಾನ ಬಲಿಯುವುದು. ಬಿ.ಇ. ಪದವಿ ಮೊದಲ ಮೆಟ್ಟಿಲಾದರೆ, ಸ್ನಾತಕೋತ್ತರ ವ್ಯಾಸಂಗವು ಎರಡನೆಯದಾಗಬೇಕು.

ಇಂಥ ವಿಚಾರಕ್ಕೆ ನಮ್ಮ ಎರೆನೆಲಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯ್ದೆರೆಯುತ್ತದೆ. ನೀರನ್ನು ತನ್ನ ಪದರಗಳ ನಡುವೆ ಹೀರಿಕೊಳ್ಳುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯೇ ಇದಕ್ಕೆ ಕಾರಣ. ಆ ಒತ್ತಡಕ್ಕೆ ಮನೆಯ ತಳಪಾಯ ಏಳುತ್ತದೆ, ಕಾಲುವೆಯ ಕಾಂಕ್ರೀಟು ಹೊದಿಕೆ ಬಿರಿಯುತ್ತದೆ. 1970ರ ದಶಕದಲ್ಲಿ ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕರಾದ ಆರ್. ಕೆ. ಕಟ್ಟಿಯವರು ಈ ಸಮಸ್ಯೆಯನ್ನು ಪ್ರಯೋಗಗಳಿಂದ ಶೋಧಿಸಿದರು. ಎರೆಮಣ್ಣಿಗೂ ಹೊದಿಕೆಗೂ ನಡುವೆ ಅಂಟುಗುಣವಿದ್ದೂ ಉಬ್ಬದಿರುವ ಬೇರೊಂದು ಮಣ್ಣಿನ ಪದರವನ್ನು ಹಾಸಿ ಗಟ್ಟಿಮಾಡಿದರೆ ಉಬ್ಬುವಿಕೆ ಹತೋಟಿಗೆ ಬರುವುದೆಂದು ತೋರಿಸಿಕೊಟ್ಟರು. ನಮ್ಮ ನಾಡಿನ ಮಲಪ್ರಭಾ ಕಾಲುವೆಯಲ್ಲಿ ಅದು ಬಳಕೆಗೂ ಬಂದಿತು. ನಾರಾಯಣಪುರದ ಬಲದಂಡೆ ಕಾಲುವೆಯ ನೀರನ್ನು ನಂಬಿದ ದೇವದುರ್ಗ ಸೀಮೆಯ ಮಕ್ಕಳು ಇದನ್ನು ಅಭ್ಯಸಿಸದಿದ್ದರೆ ಮತ್ತಾರು ಅಭ್ಯಸಿಸಬೇಕು? ತುಂಗಭದ್ರೆಯ ನೀರಿನಿಂದ ಸವುಳಾದ ಹೊಲಗಳು, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಹಾರುಬೂದಿ, ಇವೂ ಮಹಾಪ್ರಬಂಧಕ್ಕೆ ತಕ್ಕ ವಸ್ತುಗಳೇ.

ಕಟ್ಟುವುದರಂತೆ ಕಾಪಾಡುವುದೂ ಒಂದು ಶಾಸ್ತ್ರ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಕೊಚ್ಚಿಹೋಯಿತು. ಮಾನ್ವಿ, ಸಿಂಧನೂರುಗಳ ಭತ್ತದ ರೈತರು ಆ ದಿನಗಳಲ್ಲಿ ಪಟ್ಟ ಆತಂಕ ನಮಗೆಲ್ಲ ನೆನಪಿದೆ. ವಯೋವೃದ್ಧ ತಜ್ಞರಾದ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಿ ನೀರು ನಿಲ್ಲಿಸಲಾಯಿತು. ಅಂಥವರ ತರುವಾಯ ಆ ಜಾಗದಲ್ಲಿ ನಿಲ್ಲುವವರಾರು ಎಂಬುದು ನಮ್ಮ ಮುಂದಿನ ಪ್ರಶ್ನೆ.

"ಸರ್ ಎಂ. ವಿಶ್ವೇಶ್ವರಯ್ಯನವರು ಎಂ.ಟೆಕ್. ಮಾಡಿದ್ದರೆ?" ಎಂದು ಕೇಳುವವರುಂಟು. ನಿಜ, 1883ರಲ್ಲಿ ಪುಣೆಯಲ್ಲಿ ಅವರು ಪಡೆದದ್ದು ಎಲ್.ಸಿ.ಇ. ಮಾತ್ರ. ಆದರೆ ಅವರ ವಿಚಾರಬುದ್ಧಿ ಪದವಿಗೆ ನಿಲ್ಲಲಿಲ್ಲ. 1908ರ ಮೂಸಿ ನದಿಯ ಪ್ರವಾಹದ ಬಳಿಕ, ಅಂದು ನಮ್ಮ ರಾಯಚೂರೂ ಸೇರಿದ್ದ ಹೈದರಾಬಾದು ಸಂಸ್ಥಾನವು ಅವರನ್ನು ಕರೆಸಿದ್ದು ಆ ಬುದ್ಧಿಗಾಗಿ. ನಮ್ಮಂಥವರ ಮಕ್ಕಳಿಗೆ ಅದನ್ನು ಸಾಣೆ ಹಿಡಿಯಲು ಗುರುವೂ ಪ್ರಯೋಗಶಾಲೆಯೂ ಬೇಕು. ಆದರೆ ನೌಕರಿ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಎರಡು ವರ್ಷ ಕಳೆಯಲು ಹೋಗುವುದಾದರೆ ಈ ವ್ಯಾಸಂಗ ಬೇಡವೆಂದೇ ನನ್ನ ಸಲಹೆ. ಪ್ರಶ್ನೆಯೊಂದನ್ನು ಹೊತ್ತು ಹೋಗುವವನು ಹೋಗಲಿ, ಹೋಗುವವಳೂ ಹೋಗಲಿ.

ದಾರಿಯಂತೂ ಇದೆ. ನಮ್ಮ ಭಾಗದಲ್ಲಿ 1958ರಲ್ಲೇ ಕಲಬುರ್ಗಿಗೆ ಇಂಜಿನಿಯರಿಂಗ್ ಕಾಲೇಜು ಬಂದಿತು. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸ್ಥಾನಗಳ ಮೀಸಲಾತಿ ದೊರೆತಿದೆ. ಗೇಟ್ ಪರೀಕ್ಷೆಯ ಅಂಕ ಮೂರು ವರ್ಷ ಸಲ್ಲುತ್ತದೆ. ಅದರಲ್ಲಿ ಅರ್ಹರಾಗಿ ಪೂರ್ಣಾವಧಿ ಓದುವವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನದ ಏರ್ಪಾಡಿದೆ. ಕಷ್ಟವಿರುವುದು ಹೊಸ್ತಿಲಲ್ಲಿ: ತಯಾರಿಯ ಒಂದು ವರ್ಷ, ಪುಸ್ತಕ, ಪ್ರವೇಶ ಶುಲ್ಕ, ವೇತನ ಕೈಸೇರುವವರೆಗಿನ ಊಟ. ಬಡವನ ಮಗ ಎಡವುವುದು ಅಲ್ಲಿಯೇ.

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ಪರಂಪರೆ ನಮ್ಮದು. ಕಟ್ಟಡಕ್ಕೆ ಉದಾರವಾಗಿ ಕೊಡುವ ದಾನಿಗಳು, ಕಟ್ಟಡ ಬಲ್ಲವನನ್ನು ಸಿದ್ಧಪಡಿಸುವುದಕ್ಕೂ ವರ್ಷಕ್ಕೊಬ್ಬರಂತೆ ಹೊಸ್ತಿಲು ದಾಟಿಸಬೇಕೆಂದು ಬೇಡಿಕೊಳ್ಳುತ್ತೇನೆ. ಹಳೆಯ ವಿದ್ಯಾರ್ಥಿಗಳು ಕಿರಿಯರಿಗೆ ದಾರಿ ಹೇಳಲಿ. ಸಹೋದ್ಯೋಗಿಗಳು, ತರಗತಿಯಲ್ಲಿ "ಏಕೆ?" ಎಂದ ಬಾಲಕನನ್ನು ಗದರಿಸದಿರಲಿ.

ನನ್ನ ಶಿಷ್ಯನಿಗೆ ಈಗ ಮೂವತ್ತು ದಾಟಿದೆ. ಈ ಮಾಘದಲ್ಲಿ ಅವನು ಗೇಟ್ ಪರೀಕ್ಷೆಗೆ ಕುಳಿತಿದ್ದಾನೆ. ಈ ಸಲ ಮನೆಯವರನ್ನು ಒಪ್ಪಿಸಲು ನಾನೇ ಹೋಗಿದ್ದೆ.