ಹೆಸರಿನ ಸ್ವಾತಂತ್ರ್ಯ

ಹೆಸರೆಂಬುದು ಮನುಷ್ಯನಿಗೆ ಹಿರಿಯರು ಕೊಡುವ ಮೊದಲನೆಯ ಕಾಣಿಕೆ. ತೊಟ್ಟಿಲ ಕೂಸಿನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಕಿವಿಯಲ್ಲಿ ಉಸುರಿದ ಹೆಸರನ್ನೇ ಅದು ಬಾಳುದ್ದಕ್ಕೂ ಹೊರುತ್ತದೆ. ಬಹುಜನರಿಗೆ ಇದರಿಂದ ಬಾಧೆಯಿಲ್ಲ. ಆದರೆ ಗಂಡೆಂದು ಎಣಿಸಲ್ಪಟ್ಟು, ಬುದ್ಧಿ ಬಲಿತಂತೆ ತಾನು ಹೆಣ್ಣೆಂದು ಅರಿತ ಜೀವಕ್ಕೆ ಆ ಕಾಣಿಕೆಯೇ ನಿತ್ಯವೂ ಚುಚ್ಚುವ ಮುಳ್ಳಾಗುತ್ತದೆ. ಅಂಥವರು ಸ್ತ್ರೀನಾಮವನ್ನು ಧರಿಸುವುದನ್ನು ಕಂಡು ನಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಈ ವಿಷಯವನ್ನು ತುಸು ಸಾವಧಾನದಿಂದ ಪರ್ಯಾಲೋಚಿಸಬೇಕೆಂದು ನಮ್ಮ ವಿನಂತಿ.

ಈ ಆಯ್ಕೆಯು ಚಾಪಲ್ಯದ್ದಲ್ಲ. ಕೆಲವರು ಹುಟ್ಟುಹೆಸರಿನ ಒಂದಂಶವನ್ನು ಉಳಿಸಿಕೊಳ್ಳುತ್ತಾರೆ. ಕೆಲವರು ಮನೆದೇವಿಯ ಹೆಸರನ್ನು, ಕೆಲವರು ಪ್ರೀತಿಯ ಅಜ್ಜಿಯ ಹೆಸರನ್ನು, ಇನ್ನು ಕೆಲವರು ಮೆಚ್ಚಿದ ಚಿತ್ರತಾರೆಯ ಹೆಸರನ್ನು ಆರಿಸಿಕೊಳ್ಳುತ್ತಾರೆ. ಹಿಜ್ರಾ ಸಮುದಾಯದಲ್ಲಿ ಗುರುವೇ ಚೇಲಾಳಿಗೆ ಹೆಸರಿಡುವುದೂ ಉಂಟು. ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆ ಪಡೆದ ಮಂಜುನಾಥರು ಮಂಜಮ್ಮ ಜೋಗತಿಯಾದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ರಾಷ್ಟ್ರಪತಿಗಳ ಹಸ್ತದಿಂದ ಪದ್ಮಶ್ರೀಯನ್ನು ಸ್ವೀಕರಿಸಿದರು. ತಂಜಾವೂರಿನ ನಾಟ್ಯಾಚಾರ್ಯ ಕಿಟ್ಟಪ್ಪ ಪಿಳ್ಳೆಯವರು ‘ನರ್ತಕಿ’ ಎಂದು ಹೆಸರಿಟ್ಟ ಶಿಷ್ಯೆಯು 2019ರಲ್ಲಿ ಅದೇ ಗೌರವಕ್ಕೆ ಪಾತ್ರಳಾದಳು. ಬೈಗುಳವನ್ನೇ ತನ್ನ ಹೆಸರೆಂಬಂತೆ ಕೇಳಿ ಬೆಳೆದ ಜೀವಕ್ಕೆ ಗೌರವದ ಹೆಸರೊಂದು ದೊರೆಯುವುದು ಮರುಹುಟ್ಟೇ ಅಲ್ಲವೇ?

ಇವರ ಹೆಸರನ್ನು ಸರಕಾರವು ಬರೆದುಕೊಳ್ಳುವುದು ಹೊಸತೇನಲ್ಲ. ಆದರೆ ಬರೆದುದು ಗೌರವಿಸಲಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯದೆಯ ಮೇರೆಗೆ ಬ್ರಿಟಿಷ್ ಸರಕಾರವು ಇವರ ಹೆಸರು, ವಾಸಸ್ಥಳಗಳ ಪಟ್ಟಿಯನ್ನಿಟ್ಟಿತು; ಪಟ್ಟಿಯಲ್ಲಿದ್ದವರು ಹೆಣ್ಣುಡುಗೆಯಿಂದ ಬೀದಿಯಲ್ಲಿ ಕಾಣಿಸಿಕೊಂಡರೆ ವಾರಂಟಿಲ್ಲದೆ ಹಿಡಿದು ಎರಡು ವರ್ಷಗಳವರೆಗೆ ಸೆರೆಯಲ್ಲಿಡಲು ಅಧಿಕಾರ ಪಡೆಯಿತು. ಪರಕೀಯರ ಪಾಪವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. 2011ರಲ್ಲಿ ನಮ್ಮವರೇ ಕರ್ನಾಟಕದ ಪೊಲೀಸ್ ಕಾಯದೆಗೆ 36-ಎ ಕಲಮನ್ನು ಸೇರಿಸಿ ಅಂಥದೇ ಪಟ್ಟಿಗೆ ಅವಕಾಶವಿತ್ತರು. ಈ ಜನರನ್ನು ಬೊಟ್ಟುಮಾಡಿದ ಪದವನ್ನು ಅನಂತರ ತಿದ್ದಿದರೂ ಆ ಲಜ್ಜೆಯು ಅಳಿಯಲಿಲ್ಲ.

ನ್ಯಾಯಾಸ್ಥಾನಗಳು ಬೇರೆಯ ದಾರಿಯನ್ನು ತೋರಿವೆ. ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕು ಪ್ರತಿ ವ್ಯಕ್ತಿಗೂ ಉಂಟೆಂದು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ಸಾರಿತು. 2019ರಲ್ಲಿ ಸಂಸತ್ತು ಮಾಡಿದ ಕಾಯದೆಯು ಗುರುತಿನ ಪ್ರಮಾಣಪತ್ರ ಪಡೆದವರು ಜನನಪತ್ರದಲ್ಲಿಯೂ ಹೆಸರನ್ನು ಬದಲಿಸಿಕೊಳ್ಳಬಹುದೆಂದು ಹೇಳಿತು. ಆದರೂ ನಮ್ಮ ನಾಡಿನಲ್ಲಿಯೇ ಒಬ್ಬಾಕೆಯು ಅದಕ್ಕಾಗಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 1969ರ ಜನನ ಮರಣ ನೋಂದಣಿ ಕಾಯದೆಗೆ ತಿದ್ದುಪಡಿಯಾಗುವವರೆಗೆ, ಹಿಂದಿನ ಮತ್ತು ಈಗಿನ ಹೆಸರು, ಲಿಂಗಗಳೆರಡನ್ನೂ ತೋರಿಸುವ ಜನನಪತ್ರವನ್ನು ಕೊಡಬೇಕೆಂದು ಆ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ಆದೇಶಿಸಿತು.

ಈ ಆದೇಶವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಎರಡು ಹೆಸರುಗಳ ಪತ್ರವು ತಾತ್ಕಾಲಿಕ ಪರಿಹಾರವೇ ಹೊರತು ಕಡೆಯದಲ್ಲ. ಅದನ್ನು ತೋರಿಸಿದಲ್ಲೆಲ್ಲ ಆಕೆಯು ತನ್ನ ಕಥೆಯನ್ನು ಅಪರಿಚಿತರ ಮುಂದೆ ಬಿಚ್ಚಬೇಕಾಗುತ್ತದೆ. ವಂಚನೆಗೆ ಎಡೆಯಾದೀತೆಂದು ಕೆಲವರು ಶಂಕಿಸಬಹುದು. ಹಳೆಯ ನಮೂದು ಕಚೇರಿಯ ಗುಪ್ತ ದಾಖಲೆಯಲ್ಲಿ ಇದ್ದೇ ಇರಲಿ. ನ್ಯಾಯಾಲಯವು ಕೇಳಿದಾಗ ಹೊರಬರಲಿ. ಕೆಲಸ ಬೇಡಿ ಬಂದವಳ ಕೈಯ ಕಾಗದದಲ್ಲಿ ಅದೇಕೆ?

1956ರಲ್ಲಿ ಒಂದುಗೂಡಿದ ನಮ್ಮ ನಾಡು ತನ್ನ ನಿಜನಾಮಕ್ಕಾಗಿ 17 ವರ್ಷ ಕಾಯಿತು. 1973ರ ನವೆಂಬರ್ 1ರಂದು ‘ಮೈಸೂರು’ ಹೋಗಿ ‘ಕರ್ನಾಟಕ’ ಬಂದಾಗ ಹೆಸರಿನಲ್ಲೇನಿದೆಯೆಂದು ಯಾವ ಕನ್ನಡಿಗನೂ ಕೇಳಲಿಲ್ಲ, ಹಬ್ಬ ಮಾಡಿದನು. ಆ ಹಬ್ಬದ ಅರ್ಥವನ್ನರಿತ ಜನರು ಮಂಜಮ್ಮನನ್ನು ಮಂಜಮ್ಮನೆಂದೇ ಕರೆಯಲು ಹಿಂಜರಿಯಲಾರರು. ಸರಕಾರವು ಕಾಯದೆಯನ್ನು ತಡಮಾಡದೆ ತಿದ್ದಲಿ. ನಾವು ನಮ್ಮ ನಾಲಗೆಯನ್ನು ಇಂದೇ ತಿದ್ದಿಕೊಳ್ಳೋಣ.